ಮೇಲೆ ಹೊಸ ರೆಕ್ಸಿನ್, ಹಿಂದೆ ಹಳೇ ಬೂಷ್ಟು

ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರಿಗೆ ಎರಡು ಮೂರು ಮಳೆಗಾಲ ಕಳೆದ ಮೇಲೆ ಸುದ್ದಿ ಮೊದಲು ಮುಟ್ಟುವುದು ಮೂಗಿಗೆ. ಬಾಗಿಲು ಸರಿಸಿದ ಕೂಡಲೇ ಮುಗ್ಗಲು ವಾಸನೆ. ಆಮೇಲೆ ಕಣ್ಣಿಗೂ ಒಂದೊಂದಾಗಿ ಕಾಣತೊಡಗುತ್ತದೆ. ತಲೆಯ ಮೇಲಿನ ಲೈನಿಂಗ್ ಜೋಲು ಬಿದ್ದಿದೆ, ಕಿಟಕಿಯ ಕೆಳಗೆ ರೆಕ್ಸಿನ್ ಗುಳ್ಳೆ ಎದ್ದಿದೆ, ಡೋರ್ ಪ್ಯಾಡಿನ ಕೆಳ ಅಂಚು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿದೆ. ಮಾಲೀಕರು ಕುಷನ್ ವರ್ಕ್ಸ್ ಅಂಗಡಿಗೆ ಹೋಗಿ, ಸ್ಯಾಂಪಲ್ ಪುಸ್ತಕ ತಿರುವಿ, ಬೂದು ಬಣ್ಣವೋ ಬಾದಾಮಿಯೋ ಎಂದು ಮನೆಯವರಿಗೆ ಫೋನು ಹಚ್ಚಿ ಕೇಳುತ್ತಾರೆ. "ಹಳೇದು ಕೀಳೋದ್ ಯಾಕ್ ಸಾರ್, ಮೇಲೇನೇ ಹೊಡೆದುಬಿಡ್ತೀನಿ, ಗೊತ್ತೇ ಆಗಲ್ಲ" ಎನ್ನುತ್ತಾನೆ ಮೇಸ್ತ್ರಿ. ನಿಜಕ್ಕೂ ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲದವರೆಗೆ. ಆಮೇಲೆ ಅದೇ ಜಾಗದಲ್ಲಿ ಅದೇ ಗುಳ್ಳೆ.

ವ್ಯಾನಿನ ಗೋಡೆ ಹಾಳಾಗುವುದು ಹಿಂಬದಿಯಿಂದ. ಮಕ್ಕಳು ಗೀಚಿ, ಸಾಮಾನು ತಾಗಿ ಕೆಡುವ ಪಾಲು ಸಣ್ಣದು. ಹೊರಗಿನ ತಗಡಿಗೂ ಒಳಗಿನ ಹಲಗೆಗೂ ನಡುವೆ ಕತ್ತಲಲ್ಲಿ ಸೇರುವ ನೀರು, ಬಿಸಿಲಿಗೆ ಸೋಲುವ ಅಂಟು, ಇವೆರಡೇ ಬಹುಪಾಲು ಕೆಲಸ ಕೆಡಿಸುತ್ತವೆ. ಇವನ್ನು ವಿಚಾರಿಸದೆ ಬಟ್ಟೆ ಮಾತ್ರ ಬದಲಾಯಿಸಿದರೆ ದುಡ್ಡು ಕೊಟ್ಟು ರೋಗ ಮುಚ್ಚಿಟ್ಟ ಹಾಗೆಯೇ.

ವ್ಯಾನನ್ನು ಮನೆ ಮಾಡಿಕೊಳ್ಳುವ ರೂಢಿ ನಮ್ಮದಲ್ಲ, ಯುರೋಪಿನದು. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಟ್ರಾನ್ಸ್‌ಪೋರ್ಟರ್ ವ್ಯಾನನ್ನು 1950ರಲ್ಲಿ ತಯಾರಿಸತೊಡಗಿತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಾರ್ಖಾನೆ ಅದರೊಳಗೆ ಇಡಬಹುದಾದ ಮಡಚುವ ಹಾಸಿಗೆ, ಕಪಾಟು, ಒಲೆಗಳ ಮರದ ಪೆಟ್ಟಿಗೆಯೊಂದನ್ನು ಮಾಡಿ ಮಾರಿತು. ಇಂಗ್ಲೆಂಡಿನಲ್ಲೂ 1950ರ ದಶಕದಲ್ಲೇ ಡೆವನ್ ಹೆಸರಿನ ವ್ಯಾನುಗಳು ಬಂದವು. ಆ ಕಾಲದ ಗಾಡಿಗಳ ಗೋಡೆಗೆ ತೆಳು ಪ್ಲೈವುಡ್, ಬಾಗಿಲಿಗೆ ಹಾರ್ಡ್‌ಬೋರ್ಡಿನ ಮೇಲೆ ವಿನೈಲ್. ಈಗಲೂ ಅಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ಕೊಂಡು ದುರಸ್ತಿಗೆ ಕೂತವರು ಮೊದಲು ಕಿತ್ತೊಗೆಯುವುದು ಆ ಹಾರ್ಡ್‌ಬೋರ್ಡನ್ನೇ. ಮರದ ನಾರನ್ನು ಒತ್ತಿ ಮಾಡಿದ ಹಲಗೆ ಅದು, ಅಂಚಿನಲ್ಲಿ ನೀರು ಹೀರಿದರೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಸಿಗುವ ಗಾಡಿ ಎಲ್ಲರ ಬಾಯಲ್ಲಿ 'ಟಿಟಿ' ಆಗಿರುವ ಟೆಂಪೊ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ 1980ರ ದಶಕದಲ್ಲಿ ಮರ್ಸಿಡಿಸ್‌ನ ಟಿ1 ವ್ಯಾನಿನ ಪರವಾನಗಿ ಪಡೆದು ತಂದದ್ದು ಇದು. ಕಂಪನಿ ಆಮೇಲೆ ಫೋರ್ಸ್ ಮೋಟರ್ಸ್ ಆಯಿತು. ಅದೇ ಟಿ1 ಮೇಲೆ ವೆಸ್ಟ್‌ಫಾಲಿಯಾದವರು ಜೇಮ್ಸ್ ಕುಕ್ ಎಂಬ ಹೆಸರಿನ ಕ್ಯಾಂಪರ್ ಕಟ್ಟಿದ್ದರು. ಅಂದರೆ ಧರ್ಮಸ್ಥಳದ ಟ್ರಿಪ್ ಹೊಡೆಯುವ ಟಿಟಿಗೂ ಜರ್ಮನಿಯ ಕ್ಯಾಂಪರಿಗೂ ದಾಯಾದಿ ಸಂಬಂಧ ಇದೆ. ಮೊದಲೆಲ್ಲ ಕ್ಯಾರವಾನ್ ಎಂದರೆ ಶೂಟಿಂಗ್ ಜಾಗದಲ್ಲಿ ಹೀರೊಗಳಿಗಾಗಿ ನಿಲ್ಲುತ್ತಿದ್ದ ಗಾಡಿ ಮಾತ್ರ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಬೆಂಗಳೂರಿನಲ್ಲೂ ಈಗ ಕ್ಯಾಂಪರ್‌ಗಳು ಬಾಡಿಗೆಗೆ ಸಿಗುತ್ತವೆ. ಹೀಗಾಗಿ ಒಳಮೈ ಹೊಸದು ಮಾಡಿಸುವ ಪ್ರಶ್ನೆ ಇನ್ನು ಮೇಲೆ ಹೆಚ್ಚು ಜನರಿಗೆ ಎದುರಾಗಲಿದೆ.

ತೊಂದರೆ ಏನೆಂದರೆ, ಈ ಕೆಲಸದ ಬಗ್ಗೆ ಸಿಗುವ ಬುದ್ಧಿಮಾತೆಲ್ಲ ಚಳಿ ದೇಶದ್ದು. ಅಲ್ಲಿ ನೀರು ಹುಟ್ಟುವುದು ಗಾಡಿಯ ಒಳಗೆ. ಇಬ್ಬರು ಬಾಗಿಲು ಮುಚ್ಚಿ ಮಲಗಿದರೆ ಉಸಿರಿನಿಂದಲೇ ಬೆಳಗಾಗುವಷ್ಟರಲ್ಲಿ ಲೋಟಗಟ್ಟಲೆ ನೀರಾವಿ ಗಾಳಿಗೆ ಸೇರುತ್ತದೆ. ಗ್ಯಾಸ್ ಒಲೆ ಹಚ್ಚಿದರೆ ಇನ್ನೂ ಹೆಚ್ಚು: ಒಂದು ಕೆಜಿ ಪ್ರೊಪೇನ್ ಉರಿದಾಗ ಸುಮಾರು 1.6 ಕೆಜಿ ನೀರು ಆವಿಯಾಗಿ ಹೊರಬೀಳುತ್ತದೆ. ನಮ್ಮ ಸಿಲಿಂಡರಿನ ಎಲ್‌ಪಿಜಿ ಲೆಕ್ಕವೂ ಹೆಚ್ಚುಕಡಿಮೆ ಅದೇ. ಒಳಗೆ 20 ಡಿಗ್ರಿ ಉಷ್ಣಾಂಶ, ಗಾಳಿಯ ತೇವ ಶೇ. 60 ಇದೆ ಎನ್ನಿ. ಆ ಗಾಳಿ 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಹನಿಗಟ್ಟುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ತಗಡು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅದಕ್ಕೇ ಇಂಗ್ಲೆಂಡಿನವರು, ಒಳಗಿನ ಆವಿ ತಗಡನ್ನು ಮುಟ್ಟದಂತೆ ಗೋಡೆಯ ಒಳಬದಿಗೆ ಆವಿ ತಡೆಯುವ ಪದರ ಹಾಕಿ ಎನ್ನುತ್ತಾರೆ. ಅವರ ಊರಿಗೆ ಅದು ಸರಿ.

ಉಡುಪಿಯಲ್ಲೋ ಕಾರವಾರದಲ್ಲೋ ಜುಲೈ ತಿಂಗಳಲ್ಲಿ ಇದು ತಿರುವುಮುರುವು ಆಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ತೇವ ಶೇ. 80 ಇದ್ದರೆ ಅದು ಹನಿಗಟ್ಟಲು 26 ಡಿಗ್ರಿಯ ಮೈ ಸಾಕು. ವ್ಯಾನಿನೊಳಗೆ ಎಸಿಯನ್ನು 22ಕ್ಕೆ ಇಟ್ಟು ಮಲಗಿರುತ್ತೀರಿ. ಗೋಡೆ ಹಲಗೆಯ ಹಿಂಬದಿಯೂ ತಣ್ಣಗಾಗಿರುತ್ತದೆ. ಬಾಗಿಲು, ಕಂಬಗಳ ಕೆಳಗಿನ ನೀರು ಹೋಗುವ ತೂತುಗಳಿಂದ, ಸೀಲು ಹಳಸಿದ ಸಂದುಗಳಿಂದ ಹೊರಗಿನ ಒದ್ದೆ ಗಾಳಿ ಒಳಸೇರಿ ಹಲಗೆಯ ಬೆನ್ನಿಗೆ ನೀರಾಗಿ ಕೂರುತ್ತದೆ. ಒಳಬದಿಗೆ ರೆಕ್ಸಿನ್ ಬಿಗಿದಿದ್ದರೆ ಆ ನೀರು ಈ ಕಡೆ ಆರುವ ದಾರಿಯೂ ಮುಚ್ಚಿದಂತಾಯಿತು. ಅಮೆರಿಕದ ಫ್ಲೋರಿಡಾದಂಥ ಸೆಕೆಯ ಕಡೆ ಎಸಿ ಹಾಕಿದ ಹೋಟೆಲ್ ಕೋಣೆಗಳಲ್ಲಿ ವಿನೈಲ್ ವಾಲ್‌ಪೇಪರಿನ ಹಿಂದೆ ಬೂಷ್ಟು ಬೆಳೆದು ಗೋಡೆಗಳನ್ನೇ ಕೀಳಬೇಕಾಗಿ ಬಂದದ್ದು ಕಟ್ಟಡದವರಿಗೆ ಚೆನ್ನಾಗಿ ಗೊತ್ತಿರುವ ಕತೆ. ಕಾರಣ ಇದೇ.

ಆದ್ದರಿಂದ ನನ್ನ ತೀರ್ಪು: ಕರಾವಳಿ, ಮಲೆನಾಡಿನಲ್ಲಿ ಓಡಾಡುವ, ರಾತ್ರಿ ಎಸಿ ಹಾಕುವ ವ್ಯಾನಿನ ಗೋಡೆಗೂ ಚಾವಣಿಗೂ ರೆಕ್ಸಿನ್ ಬೇಡ. ಒಲೆಯ ಅಕ್ಕಪಕ್ಕ ಒರೆಸಲು ಅನುಕೂಲವಾಗಲಿ ಎಂದು ಒಂದಿಷ್ಟು ಇದ್ದರೆ ಇರಲಿ. ಉಳಿದ ಕಡೆಗೆ ಉಸಿರಾಡುವ ಹೊದಿಕೆ ಬೇಕು. ಯುರೋಪಿನ ವ್ಯಾನುಗಳಲ್ಲಿ ಈಗ ಎಲ್ಲ ಕಡೆ ಕಾಣುವುದು ನಾಲ್ಕೂ ದಿಕ್ಕಿಗೆ ಹಿಗ್ಗುವ ಪಾಲಿಯೆಸ್ಟರ್ ಕಾರ್ಪೆಟ್. ಅದನ್ನು ನೇಯುವುದಿಲ್ಲ, ನಾರನ್ನು ಸೂಜಿಗಳಿಂದ ಚುಚ್ಚಿ ಹೆಣೆದಿರುತ್ತಾರೆ. ಆದ್ದರಿಂದ ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಅಂಗಡಿಗಳಲ್ಲಿ ನಾನ್‌ವೋವನ್ ಆಟೊ ಕಾರ್ಪೆಟ್ ಎಂದು ಕೇಳಿದರೆ ಸಿಗುವುದೆಲ್ಲ ಹಿಗ್ಗುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಎಳೆದು ನೋಡಿ ಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಸಾಮಾನಿನ ಅಂಗಡಿಗಳು ಸಾಲಾಗಿರುವುದರಿಂದ ನಾಲ್ಕು ಕಡೆ ಎಳೆದು ನೋಡುವ ಅವಕಾಶ ಇದೆ. ಕಲಬುರಗಿ, ರಾಯಚೂರು ಕಡೆಯವರಿಗೆ ಬೂಷ್ಟಿನ ಕಾಟ ಕಡಿಮೆ. ಅವರ ಶತ್ರು ಬಿಸಿಲು, ಆ ಮಾತಿಗೆ ಆಮೇಲೆ ಬರೋಣ.

ಬಾಗಿಲಿನ ವಿಷಯ ಬೇರೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಿಟಕಿ ಗಾಜಿನ ಹೊರಮೈ ಮೇಲೆ ಬಿದ್ದ ಮಳೆನೀರಿನಲ್ಲಿ ಒಂದಿಷ್ಟು ರಬ್ಬರ್ ಪಟ್ಟಿ ದಾಟಿ ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಇದು ದೋಷವಲ್ಲ, ಬಾಗಿಲು ಮಾಡುವಾಗಲೇ ಹೀಗೆ ಲೆಕ್ಕ ಹಾಕಿರುತ್ತಾರೆ. ಇಳಿದ ನೀರು ಬಾಗಿಲಿನ ತಳದ ತೂತುಗಳಿಂದ ರಸ್ತೆಗೆ ಹೋಗಬೇಕು. ಒಳಗಿನ ಪ್ಯಾಡಿಗೆ ನೀರು ತಾಗದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಆ ಹಾಳೆಗೆ ಶತ್ರುಗಳು ಇಬ್ಬರು. ಸ್ಪೀಕರ್ ಕೂರಿಸಲು ಬಂದವನು ಅದನ್ನು ಬ್ಲೇಡಿನಲ್ಲಿ ಸೀಳಿ ಹೋಗಿರುತ್ತಾನೆ. ಪವರ್ ವಿಂಡೋ ರಿಪೇರಿಗೆ ಬಂದವನು ಪೂರ್ತಿ ಕಿತ್ತು ಬಿಸಾಡಿರುತ್ತಾನೆ. ಪ್ಯಾಡಿನ ಕೆಳ ಅಂಚು ಮಾತ್ರ ಉಬ್ಬಿದೆ ಎಂದರೆ ಹಾಳೆ ಹೋಗಿದೆ ಇಲ್ಲವೇ ತಳದ ತೂತು ಕೆಸರಿನಿಂದ ಮುಚ್ಚಿದೆ ಎಂದೇ ಅರ್ಥ. ಒಂದು ತಂತಿ ಹಾಕಿ ತೂತು ಬಿಡಿಸಿ, ಮೇಲಿನಿಂದ ಒಂದು ಚೊಂಬು ನೀರು ಹೊಯ್ದು ಕೆಳಗೆ ಸುರಿಯುತ್ತದೆಯೇ ನೋಡಿ. ದಪ್ಪ ಪಾಲಿಥಿನ್ ಹಾಳೆಯನ್ನು ಬಾಗಿಲಿನ ಅಳತೆಗೆ ಕತ್ತರಿಸಿ ಬ್ಯುಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿ, ಅದರ ಕೆಳ ತುದಿಯನ್ನು ಬಾಗಿಲಿನೊಳಗೆ ಇಳಿಬಿಟ್ಟರೆ ಮುಗಿಯಿತು. ಪ್ಯಾಡು ಹೊಸದು ಮಾಡಿಸುವ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಮಾಡುವವರು ಕಡಿಮೆ.

ಇನ್ನು ಹಲಗೆ ಬಿಚ್ಚುವ ಕೆಲಸ. ಹೆಚ್ಚಿನ ಪ್ಯಾನಲ್‌ಗಳನ್ನು ಹಿಡಿದಿರುವುದು ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಕ್ಲಿಪ್‌ಗಳು. ಹಳೆಯದಾದರೆ ಇವು ಗರಿಗರಿಯಾಗಿ ಮುರಿಯುತ್ತವೆ. ಗಾಡಿಯನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾದ ಮೇಲೆ, ಕ್ಲಿಪ್ ಇರುವ ಜಾಗಕ್ಕೇ ಚಪ್ಪಟೆ ಪಟ್ಟಿ ತೂರಿಸಿ ಎಬ್ಬಬೇಕು. ಹಲಗೆಯ ಅಂಚು ಹಿಡಿದು ಎಳೆದರೆ ಕ್ಲಿಪ್ ಅಲ್ಲೇ ಉಳಿದು ಹಲಗೆಯ ತೂತು ಹರಿಯುತ್ತದೆ. ಹೊಸ ಗಾಡಿಗಳಲ್ಲಿ ಕಿಟಕಿಯ ಮೇಲಿನ ಅಂಚು, ಕಂಬಗಳ ಹಿಂದೆ ಏರ್‌ಬ್ಯಾಗ್ ಇರಬಹುದು. ಅಂಥ ಕಡೆ ಬ್ಯಾಟರಿ ಬಿಚ್ಚದೆ ಕೈ ಹಾಕಬಾರದು, ಆ ಹಲಗೆಗಳಿಗೆ ಹೊಸ ಹೊದಿಕೆ ಹಾಕಲೂಬಾರದು. ಬಟ್ಟೆ ಅಡ್ಡ ಬಂದು ಬ್ಯಾಗ್ ಬಿಚ್ಚಿಕೊಳ್ಳದೆ ಹೋದರೆ ಜೀವಕ್ಕೇ ಕುತ್ತು.

ಹಳೆಯ ಟಿಟಿಯೊಂದರ ಚಾವಣಿಯ ಹಲಗೆ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಬಟ್ಟೆಯ ಒಂದು ಮೂಲೆ ಹಿಡಿದು ಎಳೆದರೆ ಯಾವ ಪ್ರತಿರೋಧವೂ ಇಲ್ಲದೆ ಅದು ಕೈಗೆ ಬಂದುಬಿಡುತ್ತದೆ. ಜತೆಗೆ ಮೇಸ್ತ್ರಿಯ ಕೂದಲು, ಹುಬ್ಬು, ಕಾಲರಿನ ಮೇಲೆಲ್ಲ ಹಳದಿ ಪುಡಿ. ಒಂದು ಕಾಲಕ್ಕೆ ಬಟ್ಟೆಯ ಬೆನ್ನಿಗಿದ್ದ ತೆಳು ಫೋಮ್ ಅದು. ಪಾಲಿಯುರೆಥೇನ್ ಫೋಮ್ ಬಿಸಿ ಮತ್ತು ತೇವ ಎರಡೂ ಸೇರಿದಾಗ ವರ್ಷಗಳ ಮೇಲೆ ಒಳಗೊಳಗೇ ಮುರಿದು ಪುಡಿಯಾಗುತ್ತದೆ. ಜೋಲು ಬಿದ್ದ ಲೈನಿಂಗಿಗೆ ಸೂಜಿಯಲ್ಲಿ ಅಂಟು ಹೊಡೆಸಿ ಮೇಲಕ್ಕೆ ಒತ್ತಿಸುವವರಿದ್ದಾರೆ. ಅಂಟಿನದು ತಪ್ಪಿಲ್ಲ, ಅದು ಹಿಡಿಯುವುದು ಪುಡಿಯನ್ನು. ಹಲಗೆಯನ್ನು ಹಿಡಿಯಲು ಅದಕ್ಕೆ ದಾರಿಯೇ ಇಲ್ಲ. ಹಲಗೆಯ ಮೇಲೆ ಉಳಿದ ಪುಡಿಯನ್ನೆಲ್ಲ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ, ಬೆರಳು ಸವರಿದರೆ ಹಳದಿ ಅಂಟದ ಹಾಗೆ ಮಾಡಬೇಕು. ಬೇಸರದ ಕೆಲಸ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಹೊಸ ಹೊದಿಕೆಯ ಆಯುಸ್ಸಿನ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಕೆಟ್ಟ ಹಲಗೆಯನ್ನು ಉಳಿಸಿಕೊಳ್ಳುವ ಆಸೆಯನ್ನೂ ಬಿಡಬೇಕು. ಎಂಡಿಎಫ್ ಒಮ್ಮೆ ನೀರು ಕುಡಿದರೆ ಕತೆ ಮುಗಿಯಿತು. ಪ್ಲೈವುಡ್ಡಿನಲ್ಲೂ ಎರಡು ಜಾತಿ. ಅಂಗಡಿಯವರು ಎಂಆರ್ ಎಂದು ಕೊಡುವುದು ತೇವ ಸ್ವಲ್ಪ ತಾಳುತ್ತದೆ, ನೆನೆಯುವುದನ್ನು ತಾಳುವುದಿಲ್ಲ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದ್ದರೆ ಅದು ಮರೈನ್ ಪ್ಲೈ. ಅದರ ಪದರಗಳ ನಡುವಿನ ಅಂಟು ಕುದಿನೀರಿನ ಪರೀಕ್ಷೆ ದಾಟಿರುತ್ತದೆ. ಗೋಡೆಗೆ 4 ಮಿ.ಮೀ. ಸಾಕು, ಕಪಾಟು ನೇತಾಡುವ ಕಡೆಗೆ ಮಾತ್ರ ದಪ್ಪ ಬೇಕು. ಹಳೆಯ ಹಲಗೆಯನ್ನೇ ಅಚ್ಚಾಗಿ ಇಟ್ಟು ಗೆರೆ ಎಳೆದು ಕತ್ತರಿಸಿ. ಹೊಸ ಹಲಗೆಯ ಬೆನ್ನಿಗೂ ನಾಲ್ಕೂ ಅಂಚಿಗೂ ಎರಡು ಕೈ ವಾರ್ನಿಷ್ ಹೊಡೆಸಿ. ಮುಂಭಾಗಕ್ಕೆ ಬಟ್ಟೆ ಬರುತ್ತದೆ ಎಂದು ಹಿಂಭಾಗವನ್ನು ಹಸಿ ಬಿಡುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ನೀರು ಬರುವುದು ಆ ಕಡೆಯಿಂದ ಎಂಬುದನ್ನು ಮೇಸ್ತ್ರಿಗೆ ನೆನಪಿಸಬೇಕು. ಹಲಗೆ ಬಿಚ್ಚಿರುವಾಗಲೇ ತಗಡಿನ ತುಕ್ಕು ಉಜ್ಜಿಸಿ ಪ್ರೈಮರ್ ಹೊಡೆಸುವುದು, ಎಸಿ ಡಕ್ಟಿಗೆ ಸುತ್ತುವ ಕರಿ ನೈಟ್ರೈಲ್ ರಬ್ಬರ್ ಹಾಳೆಯನ್ನು ತಗಡಿಗೆ ಗಾಳಿ ನುಸುಳದಂತೆ ಅಂಟಿಸುವುದು ಒಳ್ಳೆಯದು. ಗಾಜಿನ ಉಣ್ಣೆ ತುರುಕಬೇಡಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಾಡಿಯ ಕುಲುಕಾಟಕ್ಕೆ ಕುಸಿದು ಕೆಳಗೆ ಕೂರುತ್ತದೆ.

ಈಗ ಅಂಟು. ಮೇಸ್ತ್ರಿಗಳ ಭಾಷೆಯಲ್ಲಿ ಇದು ಸಲ್ಯೂಷನ್. ಹೆಚ್ಚಾಗಿ ಬಳಸುವುದು ಫೆವಿಕಾಲ್ ಎಸ್‌ಆರ್ ಮಾದರಿಯ ಸಿಂಥೆಟಿಕ್ ರಬ್ಬರ್ ಅಂಟು. ಬಡಗಿ ಬಳಸುವ ಬಿಳಿ ಫೆವಿಕಾಲ್ ಬೇರೆ, ಅದು ವ್ಯಾನಿನ ಕೆಲಸಕ್ಕೆ ಆಗದು. ಈ ರಬ್ಬರ್ ಅಂಟನ್ನು ಹಲಗೆಗೂ ಬಟ್ಟೆಗೂ ಎರಡಕ್ಕೂ ತೆಳುವಾಗಿ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿನ ಹಿಂಬದಿ ತಾಗಿಸಿದರೆ ಜಿಗುಟೆನಿಸಬೇಕು, ಎಳೆ ಮಾತ್ರ ಬರಬಾರದು. ಆಗ ಜೋಡಿಸಬೇಕು. ಒಮ್ಮೆ ಕೂತರೆ ಸರಿಸುವ ಮಾತೇ ಇಲ್ಲ. ದೊಡ್ಡ ಹಲಗೆಯಾದರೆ ನಡುವೆ ಬಟರ್ ಪೇಪರ್ ಹಾಸಿಕೊಂಡು, ಒಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಅಂಟಿಸುತ್ತ ಹೋಗುವುದು ಜಾಣತನ.

ಅಂಟು ಸೋಲುವುದಕ್ಕೆ ಕಾರಣಗಳು ಮೂರಿವೆ, ಮೂರೂ ನಮ್ಮ ನಾಡಿನಲ್ಲಿ ಧಾರಾಳ. ಮೊದಲನೆಯದು ಬಿಸಿಲು. ಏಪ್ರಿಲ್ ಮಧ್ಯಾಹ್ನ ನಿಂತ ಗಾಡಿಯ ಚಾವಣಿಯ ತಗಡು 70 ಡಿಗ್ರಿ ದಾಟುವುದು ಹೊಸತಲ್ಲ. ಸಾಮಾನ್ಯ ಅಂಟು ಆ ಹೊತ್ತಿಗೆ ಮೆತ್ತಗಾಗಿರುತ್ತದೆ, ಬಟ್ಟೆಯ ಭಾರ ಕೆಳಗೆಳೆಯುತ್ತದೆ. ಚಾವಣಿಗೆ ಹೆಚ್ಚಿನ ಉಷ್ಣ ತಾಳುವ ಅಂಟೇ ಬೇಕು, ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಎಂದು ಬರೆದಿರುತ್ತದೆ, ಓದಿ ಕೊಳ್ಳಿ. ಎರಡನೆಯದು ಮಳೆಗಾಲದ ಗಾಳಿ. ಅಂಟಿನ ದ್ರಾವಕ ಆರುವಾಗ ಆ ಮೈಯ ಶಾಖ ಹೀರಿಕೊಂಡು ಆರುತ್ತದೆ. ಮೈ ತಣ್ಣಗಾದ ಕೂಡಲೇ ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹನಿಗಟ್ಟುತ್ತದೆ. ಆಮೇಲೆ ಜೋಡಿಸಿದಿರಿ ಎಂದರೆ ಅಂಟಿಗೂ ಅಂಟಿಗೂ ನಡುವೆ ನೀರಿನ ಪದರ. ತೀರ್ಥಹಳ್ಳಿಯಲ್ಲಿ ಆಗಸ್ಟಿನಲ್ಲಿ ಮಾಡಿದ ಕೆಲಸ ನವೆಂಬರಿಗೆ ಬಿಟ್ಟುಕೊಳ್ಳುವ ಗುಟ್ಟು ಇದರಲ್ಲಿದೆ. ಅಲ್ಲಿನ ಮೇಸ್ತ್ರಿಯ ಕೈಗುಣವನ್ನು ದೂರಿ ಫಲವಿಲ್ಲ.

ಮೂರನೆಯ ಕಾರಣ ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ರೆಕ್ಸಿನ್ ಎಂದು ನಾವು ಕೊಳ್ಳುವುದು ಈಗ ಹೆಚ್ಚಾಗಿ ಪಿವಿಸಿ. ಪಿವಿಸಿ ಹುಟ್ಟಾ ಗಟ್ಟಿ ಪದಾರ್ಥ, ನೀರಿನ ಪೈಪಿನ ಹಾಗೆ. ಅದನ್ನು ಬಟ್ಟೆಯಂತೆ ಮೆದು ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಈ ಎಣ್ಣೆ ಒಂದೇ ಕಡೆ ಇರುವುದಿಲ್ಲ. ಬಿಸಿಲಿಗೆ ಆವಿಯಾಗಿ ಎದುರಿನ ಗಾಜಿನ ಒಳಬದಿಗೆ ಜಿಡ್ಡಾಗಿ ಕೂರುತ್ತದೆ, ಹೊಸ ಕಾರಿನ ಗಾಜು ಮಂಜಾಗುವುದಕ್ಕೆ ಇದೂ ಒಂದು ಕಾರಣ. ಹಿಂದಕ್ಕೂ ಜಿನುಗಿ ಸಾಧಾರಣ ರಬ್ಬರ್ ಅಂಟನ್ನು ಕರಗಿಸಿ ಬೆಲ್ಲದ ಪಾಕ ಮಾಡುತ್ತದೆ. ಎಣ್ಣೆ ಕಳೆದುಕೊಂಡ ರೆಕ್ಸಿನ್ ಅತ್ತ ಬಿರುಸಾಗಿ ಬಿರುಕು ಬಿಡುತ್ತದೆ, ಇತ್ತ ಅಂಟು ಹಿಡಿತ ಬಿಡುತ್ತದೆ. ಪಿವಿಸಿಗೆ ಹೊಂದುವ ಪಾಲಿಯುರೆಥೇನ್ ಅಂಟು ಬೇರೆಯೇ ಇದೆ, ಚಪ್ಪಲಿ ಕಾರ್ಖಾನೆಗಳವರು ಅದನ್ನೇ ಬಳಸುವುದು. ಬೆಲೆ ಹೆಚ್ಚು. ಹಿಂಬದಿಗೆ ದಪ್ಪ ಬಟ್ಟೆಯ ಅಸ್ತರಿ ಇರುವ ರೆಕ್ಸಿನ್ ಆದರೆ ತೊಂದರೆ ಸ್ವಲ್ಪ ಕಡಿಮೆ.

ಇಷ್ಟೆಲ್ಲ ಆದ ಮೇಲೆಯೇ ಹೊದಿಸುವ ಕೈಚಳಕದ ಮಾತು. ಚಪ್ಪಟೆ ಹಲಗೆ ಯಾರಿಗೂ ಬರುತ್ತದೆ. ಬಟ್ಟೆಯನ್ನು ಹಲಗೆಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತ ಹೋಗಿ, ಮೂಲೆಗೆ ತ್ರಿಕೋನ ಕಚ್ಚು ಕೊಟ್ಟು ಹಿಂದಕ್ಕೆ ಮಡಚಿದರೆ ಸರಿ. ಕಾರ್ಪೆಟ್ಟಿನ ನವಿರು ಎಲ್ಲ ಹಲಗೆಗಳಲ್ಲೂ ಒಂದೇ ಕಡೆಗೆ, ಕೆಳಮುಖವಾಗಿ ಇರಬೇಕು. ಇಲ್ಲದಿದ್ದರೆ ಒಂದೇ ಥಾನಿನ ಬಟ್ಟೆ ಎರಡು ಬಣ್ಣದಂತೆ ಕಾಣುತ್ತದೆ. ಗನ್ ಪಿನ್ ಹೊಡೆಯುವಾಗ ಪಿನ್ನಿನ ಉದ್ದ ನೋಡಬೇಕು. 4 ಮಿ.ಮೀ. ಹಲಗೆಗೆ 8 ಮಿ.ಮೀ. ಪಿನ್ ಹೊಡೆದರೆ ಮೊನೆ ಮುಂದೆ ಇಣುಕುತ್ತದೆ.

ಚಕ್ರದ ಗುಮ್ಮಟಕ್ಕೆ ಬಂದಾಗ ನಿಜವಾದ ಪರೀಕ್ಷೆ. ಅಲ್ಲಿ ಮೈ ಒಂದು ಕಡೆ ಉಬ್ಬು, ಬುಡದಲ್ಲಿ ತಗ್ಗು. ಉಬ್ಬಿಗೆ ಬಟ್ಟೆ ಹಿಗ್ಗಿ ಕೂರುತ್ತದೆ. ತಗ್ಗಿನಲ್ಲಿ ಹಿಗ್ಗಿದ ಬಟ್ಟೆ ಮತ್ತೆ ಕುಗ್ಗಲು ಎಳೆಯುತ್ತದೆ, ಎರಡು ದಿನದಲ್ಲಿ ಅಂಟು ಬಿಡಿಸಿಕೊಂಡು ಡೇರೆಯಂತೆ ನಿಲ್ಲುತ್ತದೆ. ಪಳಗಿದ ಕೆಲಸಗಾರ ಮೊದಲು ಬಟ್ಟೆಯನ್ನು ಗುಮ್ಮಟದ ನೆತ್ತಿಯಲ್ಲಿ ಕೂರಿಸಿ, ಎರಡೂ ಕಡೆ ಇಳಿಸುತ್ತ, ತಗ್ಗಿನ ಹತ್ತಿರ ಬಂದಾಗ ಎಳೆಯುವುದನ್ನು ನಿಲ್ಲಿಸುತ್ತಾನೆ. ಅಲ್ಲಿ ಬಟ್ಟೆಯನ್ನು ಸಡಿಲ ಬಿಟ್ಟು, ಬೆರಳ ತುದಿಯಿಂದ ಒಳಕ್ಕೆ ಒತ್ತಿ ಕೂರಿಸಿ, ಆಮೇಲೆ ಕೆಳಗಿನದನ್ನು ನೆಲದ ಕಡೆಗೆ ತಿರುಗಿಸುತ್ತಾನೆ. ಉಳಿದ ನಿರಿಗೆಯನ್ನು ಬ್ಲೇಡಿನಿಂದ ಒಂದೇ ಗೆರೆಯಲ್ಲಿ ಸೀಳಿ, ಎರಡು ತುದಿಯನ್ನೂ ಒತ್ತಿ ಜೋಡಿಸಿ, ನಾರನ್ನು ಉಗುರಿನಿಂದ ಕೆದರಿಬಿಟ್ಟರೆ ಸಂದು ಕಾಣುವುದಿಲ್ಲ. ರೆಕ್ಸಿನ್ನಿನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ತುಂಡು ತುಂಡಾಗಿ ಹೊಲಿದೇ ಹೊದಿಸಬೇಕು.

ಸ್ಕ್ರೂ ತೂತುಗಳನ್ನು ಬಟ್ಟೆ ಹೊದಿಸಿದ ಮೇಲೆ ಡ್ರಿಲ್ ಹಿಡಿದು ಮಾಡಲು ಹೋಗಬೇಡಿ. ಡ್ರಿಲ್ ಬಿಟ್ ಕಾರ್ಪೆಟ್ಟಿನ ಒಂದು ಎಳೆ ಹಿಡಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉದ್ದಕ್ಕೆ ಸುತ್ತಿಕೊಂಡು ಎಳೆದಿರುತ್ತದೆ. ಹಿಂಬದಿಯ ತೂತಿನಿಂದ ದಬ್ಬಳ ಚುಚ್ಚಿ ಗುರುತು ಮಾಡಿ, ಮುಂದಿನಿಂದ ಅಡ್ಡ ಉದ್ದ ಸಣ್ಣದಾಗಿ ಸೀಳುವುದೇ ಸರಿ. ಹೊದಿಕೆಯ ದಪ್ಪವೂ ಲೆಕ್ಕಕ್ಕೆ ಬರಬೇಕು. ಎರಡು ಮೂರು ಮಿ.ಮೀ. ಬಟ್ಟೆ ಎರಡೂ ಅಂಚಿಗೆ ಸೇರಿದಾಗ ಹಲಗೆ ತನ್ನ ಹಳೆಯ ಜಾಗದಲ್ಲೇ ಹಿಡಿಯದೆ ಹೋಗುತ್ತದೆ. ಕಿಟಕಿಯ ರಬ್ಬರು ಕೂರುವುದಿಲ್ಲ, ಜಾರುಬಾಗಿಲು ಉಜ್ಜುತ್ತದೆ. ಹಲಗೆ ಕತ್ತರಿಸುವಾಗಲೇ ಅಷ್ಟು ಕಳೆದುಕೊಳ್ಳಬೇಕು.

ಈಗಿನ ವಜ್ರಾಕಾರದ ಹೊಲಿಗೆಯ ಹುಚ್ಚಿನ ಬಗ್ಗೆ ಒಂದು ಮಾತು. ಹಿಂದೆ ದಪ್ಪ ಫೋಮ್ ಇಟ್ಟು, ಕೆಂಪು ದಾರದಲ್ಲಿ ಚೌಕ ಚೌಕ ಹೊಲಿದು, ನಡುವೆ ನೇರಳೆ ಬಣ್ಣದ ಎಲ್‌ಇಡಿ ಪಟ್ಟಿ ಎಳೆದರೆ ಫೋಟೊದಲ್ಲಿ ಮದುವೆ ಮಂಟಪದ ಕಳೆ ಬರುತ್ತದೆ. ಮಲಗುವ ಜಾಗಕ್ಕೆ ಇದು ನನಗೆ ಹಿಡಿಸದು ಎಂಬುದನ್ನು ಬಿಡಿ. ಪ್ರತಿ ಹೊಲಿಗೆಯ ತೂತೂ ಒಳಗಿನ ಫೋಮಿಗೆ ಬೆವರು ಇಳಿಯುವ ದಾರಿ. ಇಳಿದದ್ದು ಹೊರಬರಲು ಮಾತ್ರ ಅಷ್ಟು ಸಲೀಸಿಲ್ಲ.

ಬೆಂಕಿಯ ವಿಷಯವನ್ನು ತೇಲಿಸಿ ಬಿಡುವಂತಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿ ಉರಿದು 45 ಮಂದಿ ಸತ್ತರು. ಮರುತಿಂಗಳೇ ಹಾವೇರಿ ಬಳಿ ಇನ್ನೊಂದು ಬಸ್ಸಿನಲ್ಲಿ ಏಳು ಸಾವು. ಬೆಂಕಿ ಶುರುವಾದದ್ದು ಡಿಕ್ಕಿಯಿಂದ, ನಿಜ. ಆದರೆ ಬೆಂಕಿ ಹೊತ್ತಿದ ಮೇಲೆ ಮಲಗಿದವರು ಎದ್ದು ಹೊರಬರಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು ಒಳಗಿನ ಫೋಮ್, ಬಟ್ಟೆ, ಹಲಗೆಗಳನ್ನೂ ಅವಲಂಬಿಸಿರುತ್ತದೆ. ಪಾಲಿಯುರೆಥೇನ್ ಫೋಮ್ ಉರಿದರೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜತೆ ಹೈಡ್ರೋಜನ್ ಸಯನೈಡ್ ಇರುತ್ತದೆ. ಕ್ಯಾಂಪರಿನಲ್ಲಿ ಒಲೆ, ಹಾಸಿಗೆ, ಇನ್ವರ್ಟರ್ ಎಲ್ಲ ಒಂದೇ ಮಾರು ದೂರದೊಳಗೆ.

ವಾಹನಗಳ ಒಳಗಿನ ವಸ್ತುಗಳಿಗೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡ ಇದೆ. ಅಮೆರಿಕದ ಇಂಥದೇ ನಿಯಮ ಬೆಂಕಿ ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಹರಡಬಾರದು ಎನ್ನುತ್ತದೆ. ಅಲ್ಲಿನ ಪರೀಕ್ಷೆ ಮಾಡುವುದು ಬಟ್ಟೆಯನ್ನು ಅಡ್ಡಲಾಗಿ ಹಿಡಿದು. ಬೆಂಕಿ ಗೋಡೆ ಹತ್ತುವಾಗ ಅದಕ್ಕಿಂತ ಎಷ್ಟೋ ವೇಗ. ಹಾಗಾಗಿ ಪರೀಕ್ಷೆ ಪಾಸಾದ ಬಟ್ಟೆಯೂ ಒಲೆಯ ಹಿಂದೆ ಬೇಡ, ಅಲ್ಲಿ ಸ್ಟೀಲ್ ಅಥವಾ ಅಲ್ಯೂಮಿನಿಯಂ ತಗಡೇ ಇರಲಿ. ಕೊಳ್ಳುವ ಮುಂಚೆ ಬಟ್ಟೆಯದೂ ಫೋಮಿನದೂ ಒಂದೊಂದು ಚೂರು ಕೇಳಿ ತನ್ನಿ. ಬಯಲಿನಲ್ಲಿ, ಪಕ್ಕಕ್ಕೆ ಬಕೆಟ್ ನೀರು ಇಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೆ ತಾನೇ ಆರಿದರೆ ಪರವಾಗಿಲ್ಲ. ಉರಿಯುವ ಹನಿಗಳು ತೊಟ್ಟಿಕ್ಕಿದರೆ ಅದು ನಿಮ್ಮ ತಲೆಯ ಮೇಲಿರಬಾರದ ವಸ್ತು. ಅಂಟು ಬಳಿಯುವ ದಿನವೂ ಎಚ್ಚರ ಬೇಕು. ಅದರ ಆವಿ ಬೆಂಕಿ ಹಿಡಿಯುವಂಥದು. ಎಲ್ಲ ಬಾಗಿಲು ತೆರೆದಿರಬೇಕು, ಒಳಗೆ ಬೀಡಿ, ಸ್ವಿಚ್ಚು, ಹೀಟ್ ಗನ್ ಯಾವುದೂ ಕೂಡದು. ವಾಸನೆ ಪೂರ್ತಿ ಹೋಗುವವರೆಗೆ ಅದರಲ್ಲಿ ಮಲಗಕೂಡದು.

ಕಾನೂನಿನದು ಚಿಕ್ಕ ಮಾತು. ಇರುವ ಹಲಗೆಗೆ ಹೊಸ ಹೊದಿಕೆ ಹಾಕಿಸಲು ಆರ್‌ಟಿಒ ಕಚೇರಿಗೆ ಹೋಗಬೇಕಿಲ್ಲ. ಸೀಟು ಕಿತ್ತು ಹಾಸಿಗೆ ಹಾಕುವುದು, ಚಾವಣಿ ಎತ್ತರಿಸುವುದು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಲ್ಲಿ ಅಡ್ಡ ಬರುತ್ತದೆ, ತಯಾರಕರು ನಿಗದಿ ಮಾಡಿದ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮೊದಲೇ ಒಪ್ಪಿಗೆ ಇರುವ ಗಾಡಿಯನ್ನೇ ಕೊಳ್ಳುವುದು ತಲೆನೋವಿಲ್ಲದ ದಾರಿ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನೊಳಗಿನ ದಿನಗಳನ್ನು ಗೊತ್ತು ಮಾಡಿಕೊಳ್ಳಿ. ಬಿಲ್ಲಿನಲ್ಲಿ ಬಟ್ಟೆಯ ಹೆಸರಿನ ಜತೆ ಅಂಟಿನ ಹೆಸರನ್ನೂ ಬರೆಸಿ. ಹಲಗೆಗಳನ್ನು ತಗಡಿಗೆ ಅಂಟಿಸಲು ಬಿಡಬೇಡಿ, ಸ್ಕ್ರೂ ಹಾಕಿಸಿ, ಮಳೆಗಾಲ ಮುಗಿದ ಮೇಲೆ ಒಂದೆರಡನ್ನಾದರೂ ಬಿಚ್ಚಿ ನೋಡಲು ಬರಬೇಕು. ಇನ್ನು ಹಳೆಯ ಕ್ಯಾಂಪರ್ ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋಗಿ. ಮಾರುವವರು ಒಂದು ಹಲಗೆ ಬಿಚ್ಚಿ ತೋರಿಸಲು ಒಪ್ಪದಿದ್ದರೆ, ಒಳಗೆ ಎಷ್ಟೇ ಚೆಂದ ಕಂಡರೂ, ಆ ಗಾಡಿ ಬೇಡ.